ತೋಟ ಅಡ ಇಡುವ ಮೊದಲು ಅಪ್ಪನಿಗೆ ಹೇಳಬೇಕಾದ ಮಾತು

ಪ್ರಶ್ನೆ: ಮೇಡಂ, ನಾನು ಮೂಡಿಗೆರೆ ಕಡೆಯವಳು. ದ್ವಿತೀಯ ಪಿಯು ಕಾಮರ್ಸ್, ಸಿಇಬಿಎ (ಕಂಪ್ಯೂಟರ್ ಸೈನ್ಸ್, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ). ನಮ್ಮದು ಆರು ಎಕರೆ ರೋಬಸ್ಟಾ ಕಾಫಿ ತೋಟ, ನೆರಳಿನ ಮರಗಳಿಗೆ ಮೆಣಸಿನ ಬಳ್ಳಿ. ಬಾರ್ಸಿಲೋನಾದ ಪೊಂಪೇವು ಫಾಬ್ರಾ ವಿಶ್ವವಿದ್ಯಾಲಯದಲ್ಲಿ ಇಂಟರ್‌ನ್ಯಾಷನಲ್ ಬಿಸಿನೆಸ್ ಎಕನಾಮಿಕ್ಸ್ ಪದವಿ ಓದಬೇಕು ಅಂತ ಒಂದು ವರ್ಷದಿಂದ ಹಟ ಹಿಡಿದಿದ್ದೆ. ಬಿ.ಕಾಂ. ಮಾಡಿಕೊಂಡು ಸಿಎ ಓದು ಅನ್ನುತ್ತಿದ್ದ ಅಪ್ಪ ಈಗ ಒಪ್ಪಿಬಿಟ್ಟಿದ್ದಾರೆ. ಕಾಫಿಗೆ ಒಳ್ಳೆ ರೇಟು ಬಂದಿದೆ, ಮೂರು ಎಕರೆ ಅಡ ಇಟ್ಟು ಸಾಲ ತೆಗೆಯುತ್ತೇನೆ ಅನ್ನುತ್ತಾರೆ. ಅಮ್ಮ ನೆಂಟರಿಗೆಲ್ಲ ಹೇಳಿದ್ದೂ ಆಯಿತು. ಮೊನ್ನೆ ಆ ಕೋರ್ಸಿನ ಮೊದಲ ವರ್ಷದ ಸಿಲಬಸ್ ನೋಡಿದೆ. ತುಂಬಾ ಗಣಿತ ಇದೆ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ 61 ಬಂತು ಅಂತಲೇ ಕಾಮರ್ಸ್‌ಗೆ ಬಂದವಳು ನಾನು. ಬೆಂಗಳೂರಿನ ಕನ್ಸಲ್ಟೆನ್ಸಿಯವರು 'ಮ್ಯಾಥ್ಸ್ ಏನಿಲ್ಲ, ಬಿಸಿನೆಸ್ ಅಷ್ಟೇ' ಅಂದಿದ್ದರು. ಈಗ ಬೇಡ ಅನ್ನಲು ನಾಚಿಕೆ, ಹೂಂ ಅನ್ನಲು ಭಯ. ಮುಂದಿನ ತಿಂಗಳು ಅಪ್ಪ ಬ್ಯಾಂಕಿಗೆ ಹೋಗುತ್ತಾರೆ. ಏನು ಮಾಡಲಿ?

ಉತ್ತರ: 'ನೀನು' ಅಂತಲೇ ಬರೆಯುತ್ತೇನೆ ಮಗಳೇ. 26 ವರ್ಷ ಪಿಯು ಹುಡುಗಿಯರಿಗೆ ಅರ್ಥಶಾಸ್ತ್ರ ಹೇಳಿಕೊಟ್ಟ ಬಾಯಿಗೆ ಬೇರೆ ಅಭ್ಯಾಸ ಇಲ್ಲ.

ಸಿಲಬಸ್ಸನ್ನು ನೀನೇ ಹುಡುಕಿ ಓದಿದ್ದೀಯಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ಸಮುದ್ರದಂಡೆಯ ಫೋಟೋ ನೋಡಿ ದೇಶ ಬಿಡುವವರನ್ನು ಬೇಕಾದಷ್ಟು ಕಂಡಿದ್ದೇನೆ. ಕನ್ಸಲ್ಟೆನ್ಸಿಯವರ ಮಾತು ಪಕ್ಕಕ್ಕಿಡು. ಸೀಟು ತುಂಬಿಸಿಕೊಟ್ಟದ್ದಕ್ಕೆ ಕಾಲೇಜುಗಳಿಂದ ಕಮಿಷನ್ ತೆಗೆದುಕೊಳ್ಳುವ ಏಜೆಂಟರು ಈ ವ್ಯವಹಾರದಲ್ಲಿ ತುಂಬಾ ಜನ ಇದ್ದಾರೆ. ನೀನು ಮೊದಲ ಪರೀಕ್ಷೆಯಲ್ಲಿ ಫೇಲಾದರೆ ಅವರ ಗಂಟೇನೂ ಹೋಗುವುದಿಲ್ಲ.

ನಿನ್ನ ಅನುಮಾನ ಸರಿ. ಆ ಕೋರ್ಸಿನ ಹೆಸರಿನಲ್ಲಿ 'ಇಂಟರ್‌ನ್ಯಾಷನಲ್ ಬಿಸಿನೆಸ್' ಅನ್ನುವುದಷ್ಟೇ ಜನರ ಕಿವಿಗೆ ಬೀಳುತ್ತದೆ. ತೂಕ ಇರುವುದು ಬಾಲದಲ್ಲಿರುವ 'ಎಕನಾಮಿಕ್ಸ್'ಗೆ. ನಾಲ್ಕು ವರ್ಷ, 240 ಕ್ರೆಡಿಟ್, ಪಾಠ ಪೂರ್ತಿ ಇಂಗ್ಲಿಷಿನಲ್ಲಿ. ಇಂಥ ಪದವಿಗಳಲ್ಲಿ ಮಾರ್ಕೆಟಿಂಗ್, ವಿದೇಶಿ ವ್ಯಾಪಾರ, ಹಣಕಾಸು ಎಲ್ಲ ಬರುತ್ತವೆ, ನಿಜ. ಆದರೆ ಕ್ಯಾಲ್ಕುಲಸ್, ಸ್ಟ್ಯಾಟಿಸ್ಟಿಕ್ಸ್, ಮೈಕ್ರೋ ಎಕನಾಮಿಕ್ಸ್ ದಾಟಿದ ಮೇಲೆ. ಅದರ ಮುಂದೆ ಎಕನಾಮೆಟ್ರಿಕ್ಸ್, ಅಂದರೆ ಸ್ಟ್ಯಾಟಿಸ್ಟಿಕ್ಸ್ ಹಿಡಿದು ಅರ್ಥಶಾಸ್ತ್ರದ ಮಾತುಗಳನ್ನು ಅಳೆದು ನೋಡುವ ವಿಷಯ, ಕಾದು ಕೂತಿರುತ್ತದೆ. ಬಿಬಿಎಯ ವಿದೇಶಿ ರೂಪ ಅಂದುಕೊಂಡು ಹೋದವರು ಅಲ್ಲೇ ಎಡವುವುದು. ಸ್ಪೇನ್ ಬಿಟ್ಟು ನೆದರ್ಲೆಂಡ್ಸ್‌ಗೆ ಹೋದರೂ ಇದೇ ಕತೆ. ಅಲ್ಲಂತೂ ಮೊದಲ ವರ್ಷ ಇಂತಿಷ್ಟು ಕ್ರೆಡಿಟ್ ಬರದಿದ್ದರೆ ಕೋರ್ಸನ್ನೇ ಬಿಡಿಸುವ ನಿಯಮ ಇದೆ.

ಹಾಗಂತ ಆ ಗಣಿತ ಎಂಥದ್ದು ಅಂತ ಸ್ವಲ್ಪ ನೋಡೋಣ. ಎಕರೆಗೆ ನಾಲ್ಕು ಮೂಟೆ ಗೊಬ್ಬರ ಹಾಕುವ ಕಡೆ ಐದನೆಯದು ಹಾಕಿದರೆ ಎಷ್ಟು ಜಾಸ್ತಿ ಕಾಫಿ ಬರುತ್ತದೆ? ಬಂದ ಕಾಫಿ ಮೂಟೆಯ ಖರ್ಚು ಹುಟ್ಟಿಸುತ್ತದಾ? ಆರನೆಯದರಿಂದ ಹುಟ್ಟುತ್ತದಾ? ಎಲ್ಲಿಗೆ ನಿಲ್ಲಿಸಬೇಕು? ಈ 'ಇನ್ನೊಂದು ಹಾಕಿದರೆ ಏನಾಗುತ್ತದೆ' ಅನ್ನುವ ಪ್ರಶ್ನೆಯನ್ನು ಚಿಹ್ನೆಯಲ್ಲಿ ಬರೆದರೆ ಅದಕ್ಕೆ ಡಿರೈವೇಟಿವ್ ಅಂತ ಹೆಸರು. ನಿಮ್ಮ ಅಪ್ಪ ಅದನ್ನು ಪೆನ್ನು ಮುಟ್ಟದೆ ಮಾಡುತ್ತಾರೆ. ಹಾಗೇ ವ್ಯಾಪಾರಿ ನಿಮ್ಮ ಚೀಲಗಳಿಂದ ಒಂದಿಷ್ಟು ಚೆರಿ (ಒಣಗಿದ ಕಾಫಿ ಹಣ್ಣು) ತೆಗೆದು, ಔಟ್‌ಟರ್ನ್ ಅಂದರೆ ಅದರಿಂದ ಎಷ್ಟು ಬೀಜ ಸಿಗುತ್ತದೆ ಅಂತ ನೋಡಿ, ಇಡೀ ಲೋಡಿಗೆ ಬೆಲೆ ಕಟ್ಟುತ್ತಾನಲ್ಲ? ಸ್ಟ್ಯಾಟಿಸ್ಟಿಕ್ಸ್ ಪುಸ್ತಕದಲ್ಲಿ ಅದು ಸ್ಯಾಂಪ್ಲಿಂಗ್ ಅನ್ನುವ ಅಧ್ಯಾಯ. ಒಂದು ಚೀಲದ ಮೇಲ್ಭಾಗದಿಂದ ಮಾತ್ರ ತೆಗೆದರೆ ಅಪ್ಪ ಯಾಕೆ ಜಗಳ ಆಡುತ್ತಾರೆ ಅಂತ ಗೊತ್ತಿದ್ದರೆ ಆ ಅಧ್ಯಾಯದ ಅರ್ಧ ನಿನಗೆ ಆಗಲೇ ಬಂದ ಹಾಗೆ.

ಉಳಿದರ್ಧ ಸುಮ್ನೆ ಬರುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಾನು ಕಲಾ ವಿಭಾಗದಿಂದ ಎಂಎ ಅರ್ಥಶಾಸ್ತ್ರಕ್ಕೆ ಹೋದವಳು. ಮೊದಲ ತಿಂಗಳು ಬೋರ್ಡಿನ ಮೇಲೆ ಮೇಷ್ಟ್ರು ಬರೆದದ್ದೆಲ್ಲ ನನಗೆ ಚಿತ್ರದ ಹಾಗೆ ಕಾಣುತ್ತಿತ್ತು. ಹಾಸ್ಟೆಲಿನ ಪಕ್ಕದ ರೂಮಿನಲ್ಲಿ ಗಣಿತದ ಹುಡುಗಿಯೊಬ್ಬಳಿದ್ದಳು. ಅಮ್ಮ ಕಳಿಸಿದ ಚಕ್ಕುಲಿ ಡಬ್ಬಿಯನ್ನು ಇಡಿಯಾಗಿ ಅವಳಿಗೆ ಲಂಚ ಕೊಟ್ಟು ರಾತ್ರಿ ಹತ್ತರ ಮೇಲೆ ಲೆಕ್ಕ ಕಲಿತೆ. ದೀಪಾವಳಿಗೆ ಊರಿಗೆ ಹೋಗುವಷ್ಟರಲ್ಲಿ ಭಯ ಅರ್ಧ ಇಳಿದಿತ್ತು. ನನ್ನ ಜೊತೆ ಅದೇ ತಿಂಗಳು ಬಿಟ್ಟುಹೋದವರೂ ಇಬ್ಬರಿದ್ದರು. ಅವರೇನು ದಡ್ಡಿಯರಲ್ಲ. ನನಗೆ ಬಸ್ಸಿನಲ್ಲಿ ಎರಡು ಗಂಟೆ ದೂರದಲ್ಲಿ ಮನೆ ಇತ್ತು, ಸಾಲ ಇರಲಿಲ್ಲ. ಬಾರ್ಸಿಲೋನಾದಲ್ಲಿ ನಿನಗೆ ಅವೆರಡೂ ತಿರುವುಮುರುವು.

ಹಾಗಾಗಿ ಆ ಮೊದಲ ತಿಂಗಳನ್ನು ನಿಮ್ಮ ಮನೆಯ ಜಗಲಿಯಲ್ಲೇ ಮುಗಿಸಿಬಿಡು. ಪಿಯು ಪರೀಕ್ಷೆ ಆದ ಮೇಲೆ ಎನ್‌ಸಿಇಆರ್‌ಟಿಯ 11ನೇ ತರಗತಿ ಗಣಿತ ಪುಸ್ತಕ ತೆಗೆದುಕೊ. ಪುಕ್ಕಟೆ ಡೌನ್‌ಲೋಡ್ ಆಗುತ್ತದೆ, ಸೈನ್ಸ್ ಓದುವ ಗೆಳತಿ ಇದ್ದರೆ ಹಳೆಯದೇ ಸಿಗುತ್ತದೆ. ಫಂಕ್ಷನ್, ಲಿಮಿಟ್ ಮತ್ತು ಡಿರೈವೇಟಿವ್, ಪ್ರಾಬಬಿಲಿಟಿ, ಸ್ಟ್ಯಾಟಿಸ್ಟಿಕ್ಸ್. ಇಷ್ಟು ಸಾಕು. ದಿನಕ್ಕೆ ಒಂದೂವರೆ ಗಂಟೆ, ಆರು ವಾರ. ಮಾರ್ಕು ಯಾರೂ ಕೊಡುವುದಿಲ್ಲ. ಸಿಕ್ಕಿಹಾಕಿಕೊಂಡ ಲೆಕ್ಕಕ್ಕೆ ಮಾರನೇ ದಿನ ಮತ್ತೆ ಹೋಗಿ ಕೂರಲು ಮನಸ್ಸು ಬರುತ್ತದಾ ಅಂತಷ್ಟೇ ನೋಡಿಕೋ. ಬಂದರೆ 61 ಅನ್ನುವುದು ಎರಡು ವರ್ಷದ ಹಿಂದಿನ ಒಂದು ಬೆಳಗಿನ ಕತೆ. ಬರದಿದ್ದರೆ ಈ ವಿಷಯ ಬೇಡ, ಯಾವ ಊರಿನಲ್ಲೂ ಬೇಡ.

ಹೆದರಿ ಸಿಎ ಕಡೆ ಓಡಿಬಿಡೋಣ ಅಂತ ಇದ್ದರೆ ಒಂದು ವಿಷಯ ತಿಳಿದಿರಲಿ. ಸಿಎ ಫೌಂಡೇಶನ್ನಿನ ನಾಲ್ಕು ಪತ್ರಿಕೆಗಳಲ್ಲಿ ಒಂದು ಬಿಸಿನೆಸ್ ಮ್ಯಾಥ್ಸ್, ಲಾಜಿಕಲ್ ರೀಸನಿಂಗ್, ಸ್ಟ್ಯಾಟಿಸ್ಟಿಕ್ಸ್ ಸೇರಿದ್ದು. ಗಣಿತ ಅಲ್ಲೂ ಬಾಗಿಲಲ್ಲೇ ನಿಂತಿದೆ!

ಜೊತೆಗೆ ಆ ವಿಶ್ವವಿದ್ಯಾಲಯಕ್ಕೆ ನೀನೇ ಒಂದು ಮೇಲ್ ಹಾಕು. ನನ್ನ ಪಿಯು ವಿಷಯಗಳು ಇವು, ಗಣಿತ ಇಲ್ಲ, ಪ್ರವೇಶಕ್ಕೆ ನಡೆಯುತ್ತದಾ ಅಂತ ಕೇಳು. ಇಲ್ಲ ಅಂದರೆ, ಎನ್‌ಐಒಎಸ್ ಅನ್ನುವ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ 12ನೇ ತರಗತಿಯ ಗಣಿತ ಒಂದನ್ನೇ ಬರೆದುಕೊಂಡರೆ ಒಪ್ಪುತ್ತೀರಾ ಅಂತಲೂ ಕೇಳು. ಉತ್ತರ ಬರವಣಿಗೆಯಲ್ಲಿ ಬರಲಿ. ಫೋನಿನಲ್ಲಿ ಏಜೆಂಟ್ ಹೇಳಿದ್ದು ಉತ್ತರ ಅಂತ ಲೆಕ್ಕ ಅಲ್ಲ.

ಇಲ್ಲಿಯವರೆಗೆ ಬರೆದದ್ದು ಸುಲಭದ ಭಾಗ. ನನಗೆ ನಿಜಕ್ಕೂ ನಿದ್ದೆ ಕೆಡಿಸಿದ್ದು ಆ ಮೂರು ಎಕರೆ.

ಅಪ್ಪ ದಿನಾ ಸಂಜೆ ಲಂಡನ್ ಮಾರುಕಟ್ಟೆಯಲ್ಲಿ ಕಾಫಿ ರೇಟು ಎಷ್ಟಾಯಿತು ಅಂತ ಮೊಬೈಲ್ ನೋಡುತ್ತಿರಬೇಕು, ಅಲ್ವಾ? ರೋಬಸ್ಟಾ ಬೆಳೆಯುವ ಎಲ್ಲ ಮನೆಯಲ್ಲೂ ಅದೊಂದು ಸಂಧ್ಯಾವಂದನೆ. 2020ರಲ್ಲಿ ಆ ಮಾರುಕಟ್ಟೆಯಲ್ಲಿ ರೋಬಸ್ಟಾ ಟನ್ನಿಗೆ ಸುಮಾರು 1,300 ಡಾಲರ್ ಇತ್ತು. 2024ರ ಸೆಪ್ಟೆಂಬರಿನಲ್ಲಿ 5,000 ದಾಟಿತು. ಅದೇ ಗಿಡ, ಅದೇ ಕಣ, ಅದೇ ಅಪ್ಪ. ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟದ್ದು ನಿಮ್ಮ ಮನೆಗೆ ಲಾಭವಾಗಿ ಬಂತು. ಇದು ಹಿಂದಕ್ಕೂ ತಿರುಗುತ್ತದೆ. ವಿಯೆಟ್ನಾಂ 1990ರ ದಶಕದಲ್ಲಿ ರಾಶಿಗಟ್ಟಲೆ ಕಾಫಿ ಬೆಳೆಯತೊಡಗಿತು. 2001ರ ಹೊತ್ತಿಗೆ ರೋಬಸ್ಟಾ ಟನ್ನಿಗೆ 500 ಡಾಲರಿಗಿಂತ ಕೆಳಗೆ ಬಿತ್ತು. ಕಾಫಿ ಕೊಯ್ಯಿಸಿದ ಕೂಲಿಯೂ ಹುಟ್ಟದ ವರ್ಷಗಳು ಅವು. ಅದಕ್ಕೂ ಹಿಂದೆ, 1989ರಲ್ಲಿ ಯಾವ ದೇಶ ಎಷ್ಟು ಕಾಫಿ ಮಾರಬೇಕು ಅನ್ನುವ ಕೋಟಾ ಒಪ್ಪಂದ ಮುರಿದಾಗ ಬೆಲೆ ಕುಸಿದದ್ದು ನಿಮ್ಮ ಅಜ್ಜಿಗೆ ನೆನಪಿದ್ದರೂ ಇರಬಹುದು. '2001ರಲ್ಲಿ ನಮ್ಮ ಮನೆ ಹೇಗೆ ನಡೆಯಿತು' ಅಂತ ಒಂದು ಸಂಜೆ ಮನೆಯವರನ್ನು ಕೇಳಿ ನೋಡು. ನೀನು ನಾಲ್ಕು ವರ್ಷ ಓದಬೇಕೆಂದಿರುವ ವಿಷಯದ ಮೊದಲ ಪಾಠ ಅದು, ಫೀಸಿಲ್ಲದೆ.

ಸಾಲದ ಕಂತಿಗೆ ಲಂಡನ್ ಗೊತ್ತಿಲ್ಲ. ಕಾಫಿ ಇಳಿದರೆ ಕಂತು ಇಳಿಯುವುದಿಲ್ಲ. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಅಂತ ಎಲ್ಲರೂ ಖುಷಿಪಡುತ್ತಾರೆ. ಆ ಐದು ವರ್ಷವೂ ಬಡ್ಡಿ ಬೆಳೆಯುತ್ತಾ ಇರುತ್ತದೆ ಅನ್ನುವುದನ್ನು ಮರೆಯುತ್ತಾರೆ. ಸಾಲ ರೂಪಾಯಿಯಲ್ಲಿ, ಫೀಸು, ಮನೆ ಬಾಡಿಗೆ, ಊಟ ಯೂರೋದಲ್ಲಿ. ರೂಪಾಯಿ ಬಿದ್ದಾಗ ಅಪ್ಪನಿಗೆ ಕಾಫಿಯಲ್ಲಿ ನಾಲ್ಕು ಕಾಸು ಜಾಸ್ತಿ ಬರಬಹುದು, ನಿನ್ನ ಖರ್ಚಿಗೆ ಅದು ಹೊರಟುಹೋಗುತ್ತದೆ. ಸಾಲ ತೀರಿಸದಿದ್ದರೆ ಅಡ ಇಟ್ಟ ಆಸ್ತಿಯನ್ನು ಬ್ಯಾಂಕೇ ಮಾರಲು ಬಿಡುವ ಸರ್ಫೇಸಿ ಕಾಯ್ದೆಯಡಿ ಕಾಫಿ ತೋಟಗಳು ಹರಾಜಿಗೆ ಬಂದ ಸುದ್ದಿ ನಿಮ್ಮ ಕಡೆಯವರಿಗೆ ಹೊಸದೇನಲ್ಲ. ಶಿಕ್ಷಣ ಸಾಲಕ್ಕೇ ಹಾಗಾಗುತ್ತದೆ ಅಂತ ಹೆದರಿಸುತ್ತಿಲ್ಲ. ರೇಟು ನೆತ್ತಿಗೇರಿದ ವರ್ಷ ನೋಡಿ ಹತ್ತು ಹದಿನೈದು ವರ್ಷದ ಸಾಲಕ್ಕೆ ಸಹಿ ಹಾಕಬಾರದು, ಅಷ್ಟೇ. ಆ ತೋಟದಲ್ಲಿ ನಿನ್ನ ತಮ್ಮನೋ ತಂಗಿಯೋ ಇದ್ದರೆ ಅವರದೂ ಪಾಲಿದೆ.

ನನ್ನ ಅಭಿಪ್ರಾಯ ಕೇಳಿದ್ದೀಯ, ಹೇಳುತ್ತೇನೆ. ಈ ವರ್ಷ ಹೋಗಬೇಡ.

ಅರ್ಥಶಾಸ್ತ್ರವೇ ಬೇಕು ಅಂತ ಆರು ವಾರದಲ್ಲಿ ಅನ್ನಿಸಿದರೆ ಇಲ್ಲೇ ಗಟ್ಟಿಯಾಗಿ ಓದು. ಬೆಂಗಳೂರಿನಲ್ಲಿ ಅದಕ್ಕೆಂದೇ 2017ರಲ್ಲಿ ಶುರುವಾದ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ಇದೆ. ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ ಬಿಎ ಆನರ್ಸ್ ಬಿಸಿನೆಸ್ ಎಕನಾಮಿಕ್ಸ್ ಇದೆ, ಆದರೆ ಸಿಯುಇಟಿ ಅನ್ನುವ ಪ್ರವೇಶ ಪರೀಕ್ಷೆಯಲ್ಲಿ ಗಣಿತ ಬರೆಯಬೇಕು. ವಿದೇಶಿ ವ್ಯಾಪಾರವನ್ನೇ ಮೇಲೆ ಓದುವವರಿಗೆ ದೆಹಲಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಫಾರಿನ್ ಟ್ರೇಡ್ 1963ರಿಂದ ಇದೆ. ಸ್ನಾತಕೋತ್ತರಕ್ಕೆ ಯುರೋಪಿಗೆ ಹೋದರೆ ಒಂದೋ ಎರಡೋ ವರ್ಷದ ಖರ್ಚು. ಆಗ ನಿನಗೆ 21 ಆಗಿರುತ್ತದೆ, ಏನು ಬೇಕು ಅಂತ ಗೊತ್ತಿರುತ್ತದೆ.

ಲೆಕ್ಕ ಹಿಡಿಸಿತು, ಮೇಲಿಗೆ ಒಳ್ಳೆ ಉತ್ತರ ಬಂತು, ಸ್ಕಾಲರ್‌ಶಿಪ್ ಸಿಕ್ಕಿ ತೋಟ ಮುಟ್ಟುವ ಅಗತ್ಯವೇ ಬೀಳಲಿಲ್ಲ ಅಂದರೆ ನನ್ನ ಮಾತು ಕೇಳಬೇಡ, ಹೊರಡು. ಭಾರತದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು, ಅದನ್ನು ಅತಿ ಜಾಸ್ತಿ ಕೊಳ್ಳುವುದು ಇಟಲಿ. ತೋಟದ ಜಾಗ ಗುರುತು ಹಾಕಿ ಕೊಡಿ, ಕಾಡು ಕಡಿದಿಲ್ಲ ಅಂತ ತೋರಿಸಿ ಅನ್ನುವ ಕಾನೂನನ್ನು ಯುರೋಪ್ 2023ರಲ್ಲಿ ಮಾಡಿಕೊಂಡು ಕೂತಿದೆ. ಎರಡೂ ಕಡೆಯ ಭಾಷೆ ಬಲ್ಲ ಮಲೆನಾಡಿನ ಹುಡುಗಿಯೊಬ್ಬಳು ಆ ವ್ಯವಹಾರದಲ್ಲಿ ಇದ್ದರೆ ನನಗೆ ಸಂತೋಷವೇ. ಅಂದಹಾಗೆ, ಪೊಂಪೇವು ಫಾಬ್ರಾ ಅನ್ನುವವರು ಅಲ್ಲಿನ ಕೆಟಲಾನ್ ಭಾಷೆಗೆ ವ್ಯಾಕರಣ, ನಿಘಂಟು ಬರೆದ ಪಂಡಿತರು. ನಮ್ಮಲ್ಲಿ ಕೇಶಿರಾಜನ ಹೆಸರಲ್ಲಿ ವಿಶ್ವವಿದ್ಯಾಲಯ ಕಟ್ಟಿದ ಹಾಗೆ! ಕ್ಲಾಸಿನಲ್ಲಿ ಇಂಗ್ಲಿಷ್ ನಡೆದರೂ ಅಂಗಡಿ, ಮನೆ ಮಾಲೀಕರ ಹತ್ತಿರ ಕೆಟಲಾನೋ ಸ್ಪ್ಯಾನಿಷೋ ಬೇಕಾಗುತ್ತದೆ, ಅದಕ್ಕೂ ತಯಾರಾಗು.

ಈಗ ಅಪ್ಪನ ವಿಷಯ. ಬ್ಯಾಂಕಿಗೆ ಹೋಗುವ ಮೊದಲೇ ಹೇಳಬೇಕು. ಅಮ್ಮನ ಮೂಲಕ ಬೇಡ, ವಾಟ್ಸ್‌ಆ್ಯಪ್‌ನಲ್ಲಂತೂ ಬೇಡವೇ ಬೇಡ. ಕಾಫಿ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಿದ ಮೇಲೆ ಅಪ್ಪ ಕಣದ ಕಟ್ಟೆಯ ಮೇಲೆ ಒಂದು ಗಳಿಗೆ ಕೂರುತ್ತಾರಲ್ಲ, ಆಗ ಸಿಲಬಸ್ಸಿನ ಹಾಳೆ ಹಿಡಿದುಕೊಂಡು ಹೋಗು. 'ಅಪ್ಪಾ, ನಾನು ಕೇಳಿದ್ದು ಪೂರ್ತಿ ತಿಳಿದುಕೊಂಡು ಕೇಳಿದ್ದಲ್ಲ. ಇದರಲ್ಲಿ ಗಣಿತ ಜಾಸ್ತಿ ಇದೆ, ನನಗೆ ಭಯ ಆಗಿದೆ. ಆರು ವಾರ ಓದಿ ನೋಡಿ ಹೇಳುತ್ತೇನೆ, ಅಲ್ಲಿಯವರೆಗೆ ಸಾಲ ಬೇಡ' ಅಂತ ಹೇಳು. ಹೂಮಳೆ ಬರುತ್ತದೋ ಇಲ್ಲವೋ ಅಂತ ಪ್ರತಿ ವರ್ಷ ಆಕಾಶ ನೋಡಿ ಕೂತವರಿಗೆ ಭಯ ಅಂದರೆ ಏನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಎರಡು ದಿನ ಮುಖ ಊದಿಸಿಕೊಂಡಿರಬಹುದು, ಇರಲಿ. ನೆಂಟರು ಎರಡು ಮದುವೆ, ಒಂದು ಗೃಹಪ್ರವೇಶ ಕಳೆದರೆ ಮರೆತಿರುತ್ತಾರೆ.

ಲಿಮಿಟ್ ಅಧ್ಯಾಯದ ಮೊದಲ ಅಭ್ಯಾಸ ಮುಗಿದ ದಿನ ನನಗೊಂದು ಕಾಗದ ಬರಿ. ಬಿಡಿಸಲಾಗದ ಲೆಕ್ಕಗಳನ್ನೂ ಅದರ ಜೊತೆ ಕಳಿಸು. ಚಕ್ಕುಲಿ ಕಳಿಸಿದರೆ ಬೇಡ ಅನ್ನುವುದಿಲ್ಲ.