ಝಬರ್, ಝೇರ್, ಪೇಶ್: ಕನ್ನಡದ ನಾಲಿಗೆ ಎಲ್ಲಿ ಎಡವುತ್ತದೆ?

ಪ್ರಶ್ನೆ: ನನಗೆ 42 ವರ್ಷ, ಮನೆಮಾತು ಕನ್ನಡ. ಈಗ ಖಾಯಿದಾ (ಅರಬಿ ಓದಿನ ಮೊದಲ ಪುಸ್ತಕ) ಹಿಡಿದು ಅರಬಿ ಓದು ಕಲಿಯುತ್ತಿದ್ದೇನೆ. ಅಕ್ಷರಗಳ ಗುರುತು ಸಿಗುತ್ತದೆ. ಆದರೆ ಝಬರ್, ಝೇರ್, ಪೇಶ್ ಎಂಬ ಸ್ವರಚಿಹ್ನೆ ಇರುವ ಪದ ಓದುವಾಗ ಆಪಾ (ಪಾಠ ಹೇಳುವ ಅಕ್ಕ) ಸಾಲುಸಾಲಿಗೂ ತಡೆಯುತ್ತಾರೆ. ಸ್ವರ ನುಂಗ್ತೀರಿ ಅಂತಾರೆ, ಮರುಕ್ಷಣವೇ ಇಲ್ಲದ ಸ್ವರ ಸೇರಿಸ್ತೀರಿ ಅಂತಾರೆ. ಯಾವುದು ನಿಜ? — ಗೃಹಿಣಿ, ಹುಬ್ಬಳ್ಳಿ

ಎರಡೂ ನಿಜ. ನಿಮ್ಮ ಆಪಾ ಒಳ್ಳೆಯ ಕಿವಿಯವರು.

ಸ್ವರಚಿಹ್ನೆಗಳ ಮಟ್ಟಿಗೆ ಕನ್ನಡದವರಿಗೆ ಅರ್ಧ ಪಾಠ ಮೊದಲೇ ಬರುತ್ತದೆ. ಅಕ್ಷರದ ಮೇಲೆ ಓರೆ ಗೆರೆ ಇದ್ದರೆ ಝಬರ್, ಕೆಳಗೆ ಇದ್ದರೆ ಝೇರ್, ಮೇಲೆ ಪುಟ್ಟ ವಾವ್ ಅಕ್ಷರ ಇದ್ದರೆ ಪೇಶ್. ಅರಬರು ಇವನ್ನೇ ಫತ್ಹಾ, ಕಸ್ರಾ, ದಮ್ಮಾ ಅನ್ನುತ್ತಾರೆ. ಮೊಬೈಲ್ ಆ್ಯಪ್‌ಗಳಲ್ಲಿ ಈ ಹೆಸರುಗಳೇ ಜಾಸ್ತಿ, ಗಾಬರಿಯಾಗಬೇಡಿ. ಬಾ ಅಕ್ಷರಕ್ಕೆ ಈ ಮೂರನ್ನು ಹಾಕಿದರೆ ಬ, ಬಿ, ಬು. ಪಕ್ಕದಲ್ಲಿ ಅಲಿಫ್, ಯಾ, ವಾವ್ ಅಕ್ಷರ ಸೇರಿದರೆ ಬಾ, ಬೀ, ಬೂ. ಅಷ್ಟೇ. ನಮ್ಮ ಕಾಗುಣಿತದಲ್ಲಿ ಇರುವ ಎ, ಏ, ಒ, ಓ ಖುರ್‌ಆನ್ ಓದಿನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹಾಗಾಗಿ ಬಿ ಅನ್ನುವುದು ಬೆ ಕಡೆಗೆ, ಬು ಅನ್ನುವುದು ಬೊ ಕಡೆಗೆ ಜಾರಬಾರದು. ಸುಕೂನ್ (ಖಾಯಿದಾದಲ್ಲಿ ಜಝಮ್) ಅಂದರೆ ಬ್, ಸ್ವರವೇ ಇಲ್ಲ. ತಶ್ದೀದ್ ಬಂದರೆ ಅದೇ ಅಕ್ಷರದ ಒತ್ತು. ಅಮ್ಮ, ಅಕ್ಕ ಅನ್ನುವ ನಮಗೆ ಅದು ಸಲೀಸು.

ಒಂದು ವ್ಯತ್ಯಾಸ ಮಾತ್ರ ನೆನಪಿರಲಿ. ನಮ್ಮ ‘ಬ’ದಲ್ಲಿ ಅಕಾರ ಒಳಗೇ ಕೂತಿದೆ. ಅರಬಿಯ ಬಾ ಬರೀ ವ್ಯಂಜನ. ಝಬರ್ ಹಾಕಿದರೆ ಮಾತ್ರ ಅದು ‘ಬ’.

ಈಗ ನಿಮ್ಮ ಆಪಾ ಹೇಳಿದ್ದಕ್ಕೆ ಬರೋಣ. ಬರೆಯುವಾಗ ನಾವು ಕೆಲಸ, ಹುಡುಗಿ, ಸುಮ್ಮನೆ ಎಂದು ಬರೆಯುತ್ತೇವೆ. ಬಾಯಲ್ಲಿ ಬರುವುದು ಕೆಲ್ಸ, ಹುಡ್ಗಿ, ಸುಮ್ನೆ. ಪದದ ನಡುವಿನ ಹ್ರಸ್ವ ಸ್ವರ ನುಂಗುವುದು ನಮಗೆ ಉಸಿರಾಡಿದಷ್ಟು ಸಹಜ, ಅದರಿಂದ ಅರ್ಥವೂ ಕೆಡುವುದಿಲ್ಲ. ಅರಬಿಯಲ್ಲಿ ಕೆಡುತ್ತದೆ. ‘ಖಲಕ’ ಅಂದರೆ ಸೃಷ್ಟಿಸಿದನು. ನಡುವಿನ ಝಬರ್ ನುಂಗಿದರೆ ‘ಖಲ್ಕ್’, ಅಂದರೆ ಸೃಷ್ಟಿ. ಕ್ರಿಯಾಪದ ಹೋಗಿ ನಾಮಪದ ಬಂತು.

ಪದದ ಕೊನೆಯಲ್ಲಿ ನಮ್ಮ ಅಭ್ಯಾಸ ಇದಕ್ಕೆ ತದ್ವಿರುದ್ಧ. ವ್ಯಂಜನದಲ್ಲಿ ಮುಗಿಯುವ ಪದ ನಮ್ಮ ಬಾಯಿಗೆ ಒಗ್ಗುವುದಿಲ್ಲ. ಬಸ್ ಬಂದರೆ ಬಸ್ಸು, ಕಾರ್ ಬಂದರೆ ಕಾರು. ಹಾಗೇ ‘ಹೇಳು’ ಎಂಬರ್ಥದ ‘ಕುಲ್’ ಬಂದರೆ ‘ಕುಲ್ಲು’ ಮಾಡಿಬಿಡುತ್ತೇವೆ. ಅರಬಿಯಲ್ಲಿ ಕೊನೆಯ ಸ್ವರ ಅಲಂಕಾರಕ್ಕೆ ಇರುವುದಲ್ಲ. ‘ಕತಬ್ತ’ ಅಂದರೆ ನೀನು (ಗಂಡಸು) ಬರೆದೆ, ‘ಕತಬ್ತಿ’ ಅಂದರೆ ನೀನು (ಹೆಂಗಸು) ಬರೆದೆ, ‘ಕತಬ್ತು’ ಅಂದರೆ ನಾನು ಬರೆದೆ. ಯಾರು ಬರೆದದ್ದು ಎಂಬುದನ್ನು ಆ ಪುಟ್ಟ ಗೆರೆಯೊಂದೇ ಹೇಳುತ್ತದೆ.

ಇನ್ನೊಂದು ರೂಪ ನೋಡಿ: ‘ಕತಬತ್’, ಅವಳು ಬರೆದಳು. ಇದರ ನಡುವಿನ ‘ಬ’ದ ಸ್ವರ ನುಂಗಿ, ಕೊನೆಗೊಂದು ಉಕಾರ ಅಂಟಿಸಿ. ಏನಾಯಿತು? ‘ಕತಬ್ತು’. ಅವಳು ಬರೆದದ್ದನ್ನು ನಾನು ಬರೆದೆ ಅಂತ ಹೇಳಿದಂತಾಯಿತು! ಎರಡೂ ಅಚ್ಚ ಕನ್ನಡದ ಅಭ್ಯಾಸಗಳು, ಒಂದೇ ಪದದಲ್ಲಿ. ಖುರ್‌ಆನ್‌ನ ಮೊದಲ ಅಧ್ಯಾಯ ಫಾತಿಹಾದ ‘ಅನ್‌ಅಮ್ತ’ (ನೀನು ಅನುಗ್ರಹಿಸಿದೆ) ಅನ್ನುವುದನ್ನು ‘ಅನ್‌ಅಮ್ತು’ (ನಾನು ಅನುಗ್ರಹಿಸಿದೆ) ಎಂದು ಓದಿದರೆ ಉಸ್ತಾದರು ಗದರುವುದು ಇದಕ್ಕೇ. ಅದೇ ಪದದಲ್ಲಿ ನ್ ಮತ್ತು ಐನ್ ಸೇರಿಸಿ ‘ಅನಮ್ತ’ ಅನ್ನುವವರೂ ಇದ್ದಾರೆ. ನ್ ಆದಮೇಲೆ ಗಂಟಲಿನಿಂದ ಐನ್ ಬೇರೆಯಾಗಿಯೇ ಬರಬೇಕು.

ಇಲ್ಲೊಂದು ಗೊಂದಲವಿದೆ, ನಿಮ್ಮ ತಪ್ಪಲ್ಲ. ದೊಡ್ಡ ಕಾಫ್ (ಗಂಟಲ ಹತ್ತಿರದಿಂದ ಬರುವ ಕ್), ತ್ವಾ, ಬಾ, ಜೀಮ್, ದಾಲ್ ಈ ಐದು ಅಕ್ಷರಗಳ ಮೇಲೆ ಸುಕೂನ್ ಬಂದಾಗ ಸಣ್ಣದೊಂದು ತಟ್ಟಿದ ಸದ್ದು ಉಳಿಯಬೇಕು. ಅದಕ್ಕೆ ಕಲ್ಕಲಾ ಅನ್ನುತ್ತಾರೆ. ‘ಕುಲ್ ಹುವಲ್ಲಾಹು ಅಹದ್’ ಕೇಳುವಾಗ ಕೊನೆಯ ದ್ ಪುಟಿದಂತೆ ಕೇಳಿಸುವುದು ಅದೇ. ನಮ್ಮ ಕಿವಿ ಅದನ್ನು ‘ಅಹದು’ ಎಂದು ಹಿಡಿಯುತ್ತದೆ. ಪುಟಿಯಲಿ, ಉಕಾರ ಆಗದಿರಲಿ.

ಇನ್ನು ದಪ್ಪ ಅಕ್ಷರಗಳು: ಖಾ, ಸ್ವಾದ್, ದ್ವಾದ್, ತ್ವಾ, ಝ್ವಾ, ಗೈನ್, ದೊಡ್ಡ ಕಾಫ್. ಇವುಗಳ ಮೇಲೆ ಝಬರ್ ಬಂದಾಗ ಅಕಾರ ತುಂಬಿಕೊಂಡು ಕೇಳಿಸುತ್ತದೆ. ಅದನ್ನು ಅನುಕರಿಸಲು ಹೋಗಿ ತುಟಿ ದುಂಡಗೆ ಮಾಡಿ ‘ಸೊ’, ‘ಖೊ’ ಅನ್ನುವವರು ಬಹಳ. ಆ ದಪ್ಪ ಬರುವುದು ನಾಲಿಗೆಯ ಹಿಂಭಾಗ ಮೇಲೆದ್ದಾಗ. ತುಟಿಗೆ ಕೆಲಸವಿಲ್ಲ. ಕನ್ನಡಿ ಮುಂದೆ ನಿಂತು ‘ಸೀನ್’ಗೆ ಝಬರ್, ‘ಸ್ವಾದ್’ಗೆ ಝಬರ್ ಒಂದಾದ ಮೇಲೊಂದು ಹೇಳಿ. ತುಟಿ ಎರಡರಲ್ಲೂ ಒಂದೇ ಥರ ಇರಬೇಕು.

ಅಭ್ಯಾಸಕ್ಕೆ ಹಳೆಯ ಹಿಜ್ಜೆ (ಅಕ್ಷರ ಬಿಡಿಸಿ ಓದುವ) ಪದ್ಧತಿಯೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಕಾಫ್ ಝಬರ್ ಕ, ತಾ ಝಬರ್ ತ, ಬಾ ಝಬರ್ ಬ, ಕತಬ. ಮಕ್ಕಳಾಟ ಅನಿಸಬಹುದು. ಆದರೆ ಬಿಡಿಸಿ ಹೇಳಿದಾಗ ನಡುವಿನ ಸ್ವರ ನುಂಗಲು ಜಾಗವೇ ಇರುವುದಿಲ್ಲ. ಬೇಗ ರವಾನಾಗಿ (ತಡೆಯಿಲ್ಲದೆ) ಓದಬೇಕು ಅನ್ನುವ ಅವಸರ ಬೇಡ.

ಪ್ರಶ್ನೆ: ನಮ್ಮ ಮಾವ ಹಜ್‌ನಿಂದ ಮದೀನಾದಲ್ಲಿ ಅಚ್ಚಾದ ಖುರ್‌ಆನ್ ತಂದರು. ಮಗಳು ಇಲ್ಲಿನ ಮುದ್ರಣದಲ್ಲಿ ಚೆನ್ನಾಗಿ ಓದುತ್ತಾಳೆ, ಅದರಲ್ಲಿ ತಡವರಿಸುತ್ತಾಳೆ. ಪಾಠ ಬೇರೆಯೇ? — ಶಿವಮೊಗ್ಗ

ಪಾಠ ಅದೇ, ಚಿಹ್ನೆ ಹಾಕುವ ಕ್ರಮ ಬೇರೆ. ನಮ್ಮ ಕಡೆಯ ಮುದ್ರಣದಲ್ಲಿ ದೀರ್ಘ ಈ ಬರುವಾಗ ಝೇರ್ ಹಾಕಿ, ಪಕ್ಕದ ಯಾ ಮೇಲೆ ಜಝಮ್ ಕೂಡ ಹಾಕುತ್ತಾರೆ. ಮದೀನಾ ಮುದ್ರಣದಲ್ಲಿ ಆ ಯಾ ಬರಿದಾಗಿರುತ್ತದೆ. ಬರಿದು ಕಂಡರೆ ದೀರ್ಘ ಅಂತ ಮಗಳಿಗೆ ಹೇಳಿಕೊಡಿ. ಅಲ್ಲಿನ ಅಲಿಫ್ ಮೇಲೆ ಸಣ್ಣ ಸ್ವಾದ್ ತಲೆ ಕಂಡರೆ, ಹಿಂದಿನ ಪದದಿಂದ ಕೂಡಿಸಿ ಓದುವಾಗ ಆ ಅಲಿಫ್ ಬಿಟ್ಟುಹೋಗುತ್ತದೆ.

ಜಾಸ್ತಿ ಮೋಸ ಹೋಗುವುದು ಪುಟ್ಟ ಸೊನ್ನೆಯಲ್ಲಿ. ಅದನ್ನು ಸುಕೂನ್ ಅಂದುಕೊಳ್ಳುತ್ತಾರೆ. ಮದೀನಾ ಮುದ್ರಣದಲ್ಲಿ ಸುಕೂನ್‌ಗೆ ಇರುವುದು ಚುಕ್ಕಿಯಿಲ್ಲದ ಖಾ ತಲೆಯ ಆಕಾರ. ದುಂಡು ಸೊನ್ನೆ ಇದ್ದರೆ ಆ ಅಕ್ಷರವನ್ನು ಓದುವುದೇ ಇಲ್ಲ. ‘ಆಮನೂ’ ಪದದ ಕೊನೆಯ ಅಲಿಫ್ ಮೇಲೆ ಇದೇ ಇದೆ. ಸದ್ಯಕ್ಕೆ ಮಗಳು ಒಂದೇ ಮುದ್ರಣದಲ್ಲಿ ಓದಲಿ.

ಪ್ರಶ್ನೆ: ಅರಬಿಯನ್ನು ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡು ಕಲಿಯಬಹುದಾ?

ಸ್ವರಕ್ಕೆ ಸರಿ, ವ್ಯಂಜನಕ್ಕೆ ಸಾಲದು. ನಮ್ಮ ‘ಹ’ ಒಂದೇ, ಅಲ್ಲಿ ಎರಡು. ‘ಖ’ ಎಂದು ಬರೆದರೆ ನೀವು ಮಹಾಪ್ರಾಣ ಹೇಳುತ್ತೀರಿ. ಅರಬಿಯ ಖಾ ಹಾಗಲ್ಲ, ಗಂಟಲಲ್ಲಿ ಗಾಳಿ ಉಜ್ಜಿ ಬರುವ ಸದ್ದು. ದೊಡ್ಡ ಕಾಫ್, ಚಿಕ್ಕ ಕಾಫ್ ಎರಡಕ್ಕೂ ‘ಕ’ ಬರೆದರೆ ‘ಕಲ್ಬ್’ ಅಂದಾಗ ಹೃದಯವೋ ನಾಯಿಯೋ ತಿಳಿಯುವುದಿಲ್ಲ. ಮೊದಲ ಕೆಲವು ವಾರ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ, ಆಮೇಲೆ ಅಳಿಸಿ. (ಈ ಅಂಕಣದಲ್ಲೂ ನಾನು ಅದೇ ಊರುಗೋಲು ಹಿಡಿದಿದ್ದೇನೆ, ಬೇರೆ ದಾರಿಯಿಲ್ಲ.)

ಪ್ರಶ್ನೆ: ಡ್ರೈವರ್ ಕೆಲಸಕ್ಕೆ ಜಿದ್ದಾಗೆ ಹೊರಟಿದ್ದೇನೆ. ಝಬರ್-ಝೇರ್ ಇದ್ದರೆ ಓದಬಲ್ಲೆ. ಬೋರ್ಡುಗಳಲ್ಲಿ ಅವು ಇರುವುದೇ ಇಲ್ಲವಂತೆ, ಹೌದಾ? — ಉಡುಪಿ

ಹೌದು, ಬೋರ್ಡು, ಪತ್ರಿಕೆ, ಮೆಸೇಜು ಯಾವುದರಲ್ಲೂ ಸಾಮಾನ್ಯವಾಗಿ ಇರುವುದಿಲ್ಲ. ಮೊದಲಿಗೆ ಈ ಚಿಹ್ನೆಗಳೇ ಇರಲಿಲ್ಲ. ಅರಬಿ ಗೊತ್ತಿಲ್ಲದ ಜನ ಹೆಚ್ಚಾಗಿ ಸೇರಿಕೊಂಡಾಗ ಖುರ್‌ಆನ್ ಓದು ಕೆಡದಿರಲಿ ಎಂದು ಇರಾಕಿನ ಬಸ್ರಾದ ಅಬುಲ್ ಅಸ್ವದ್ ಅದ್‌ದುಅಲಿ (ನಿಧನ 688) ಬಣ್ಣದ ಚುಕ್ಕಿಗಳನ್ನು ತಂದರೆಂದು ಪರಂಪರೆ ಹೇಳುತ್ತದೆ. ಈಗಿನ ಗೆರೆ-ಸುಳಿಗಳ ರೂಪ ಕೊಟ್ಟವರು 8ನೇ ಶತಮಾನದ ಭಾಷಾವಿದ್ವಾಂಸ ಖಲೀಲ್ ಇಬ್ನ್ ಅಹ್ಮದ್ ಎನ್ನುತ್ತಾರೆ. ಭಾಷೆ ಬಲ್ಲವರಿಗೆ ಅವು ಬೇಕಿಲ್ಲ.

ನಿಮಗೆ ಅನುಕೂಲವಾದದ್ದು ಒಂದಿದೆ. ಬಿಟ್ಟಿರುವುದು ಹ್ರಸ್ವ ಮಾತ್ರ. ದೀರ್ಘಗಳು ಸಾಮಾನ್ಯವಾಗಿ ಬರಹದಲ್ಲೇ ಇರುತ್ತವೆ. ‘ಮತಾರ್’ (ವಿಮಾನ ನಿಲ್ದಾಣ) ಪದದ ಆ, ‘ಖುರೂಜ್’ (ಹೊರದಾರಿ) ಪದದ ಊ ಕಣ್ಣಿಗೆ ಕಾಣುತ್ತವೆ. ಮಿಕ್ಕ ಸ್ವರ ಪದ ಪರಿಚಯವಾದ ಮೇಲೆ ತಾನೇ ಬರುತ್ತದೆ. ಅಲ್ಲಿನ ಆಡುಮಾತಿಗೂ ಕಿವಿ ಹೊಂದಿಸಿಕೊಳ್ಳಿ: ‘ಬೈತ್’ (ಮನೆ) ಬೇತ್ ಆಗುತ್ತದೆ, ‘ಯೌಮ್’ (ದಿನ) ಯೋಮ್ ಆಗುತ್ತದೆ, ‘ಕಹ್ವಾ’ (ಕಾಫಿ) ಗಹ್ವಾ ಆಗುತ್ತದೆ. ಪದದ ಕೊನೆಯ ಹ್ರಸ್ವ ಸ್ವರಗಳನ್ನು ಮಾತಿನಲ್ಲಿ ಹೆಚ್ಚಾಗಿ ಬಿಟ್ಟೇಬಿಡುತ್ತಾರೆ. ಅಲ್ಲಿ ‘ಕುಲ್ಲು’ ಥರದ ಉಕಾರ ಸೇರಿಸಿದರೆ ನೀವು ಹೊಸಬರು ಅಂತ ತಕ್ಷಣ ಗೊತ್ತಾಗುತ್ತದೆ.

ದಾರಿಯ ಬೋರ್ಡುಗಳಲ್ಲಿ ಅರಬಿಯ ಜೊತೆ ಇಂಗ್ಲಿಷೂ ಇರುತ್ತದೆ. ಮೊದಲು ಅರಬಿ ಓದಿ, ಆಮೇಲೆ ಇಂಗ್ಲಿಷ್ ನೋಡಿ ಸರಿಯಾಯಿತಾ ಅಂತ ತಾಳೆ ಹಾಕಿ. ಗಾಡಿ ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ.