ಹಳೇ ಬಣ್ಣ ಉಜ್ಜುವ ಮುಂಚೆ

ಹಳೇ ಡ್ರಾಯರ್ ಬೀರುವಿನ ಬಣ್ಣ ಉಜ್ಜಿ ತೆಗೆದು, ಕಡಿಮೆ ಖರ್ಚಲ್ಲಿ ಮಗುವಿನ ಕೋಣೆಗೆ ಹಾಕಬಹುದಾ ಅಂತ ಕೇಳಿದ್ದೀರಿ. ಹಾಕಬಹುದು, ಆದರೆ ಸ್ಯಾಂಡ್‌ಪೇಪರ್ ಈಗಲೇ ಕೈಗೆತ್ತಿಕೊಳ್ಳಬೇಡಿ. ಹಳೇ ಬಣ್ಣದಲ್ಲಿ ಸೀಸ (ಲೆಡ್) ಎಂಬ ವಿಷಕಾರಿ ಲೋಹ ಇರಬಹುದು. ಒಣದಾಗಿ ಉಜ್ಜಿದರೆ ಆ ಧೂಳು ನೆಲ, ಬಟ್ಟೆ, ಕೈ ಎಲ್ಲ ಕಡೆ ಕೂರುತ್ತದೆ. ಗರ್ಭಿಣಿಯರಂತೂ ಹತ್ತಿರ ಸುಳಿಯಲೇಬಾರದು. ಬಣ್ಣದ ಒಂದು ಚಕ್ಕೆಯನ್ನು ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ. ಸೀಸ ಇದ್ದರೆ ಆ ಬೀರು ಮಗುವಿನ ಕೋಣೆಗೆ ಬೇಡವೇ ಬೇಡ.

ಸೀಸ ಇಲ್ಲ ಅಂದ್ರೆ ಸೋಪು ನೀರಲ್ಲಿ ಜಿಡ್ಡು ತೆಗೆದು, ಒಣಗಿಸಿ, ಹಗುರವಾಗಿ ಉಜ್ಜಿ, ಪ್ರೈಮರ್ (ಬಣ್ಣಕ್ಕೆ ಮುಂಚೆ ಹಚ್ಚುವ ಅಡಿ ಲೇಪ) ಹಚ್ಚಿ. ಆಮೇಲೆ ವಾಟರ್ ಬೇಸ್ ಬಣ್ಣ, ತೆಳುವಾಗಿ ಎರಡು ಕೋಟ್. ಮುಟ್ಟಿದರೆ ಒಣಗಿದಂತೆ ಅನಿಸಿದರೂ ಪೂರ್ತಿ ಗಟ್ಟಿಯಾಗಲು ಕೆಲವು ವಾರ ಬೇಕು. ಹಿಡಿಕೆ ಬದಲಿಸಿದರಂತೂ ಬೀರುವಿನ ಗುರುತೇ ಸಿಗಲ್ಲ! ಗೋಡೆಗೆ ಬ್ರಾಕೆಟ್ ಹಾಕಿ ಬಿಗಿಯುವುದನ್ನು ಮಾತ್ರ ಬಿಡಬೇಡಿ. ನಡೆಯೋಕೆ ಕಲಿತ ಮಕ್ಕಳು ಡ್ರಾಯರ್‌ಗಳನ್ನೇ ಮೆಟ್ಟಿಲು ಮಾಡಿಕೊಳ್ಳುತ್ತಾರೆ.