‘ಇಂಟರ್‌ವಲ್ ಎಲ್ಲಿ ಬಂತು ಹೇಳು’

ಹುಡುಗನನ್ನೂ ಅವನ ತಾಯಿಯನ್ನೂ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಅವನನ್ನು ಚೇತನ್ ಅಂತ ಕರೆಯೋಣ. ವಯಸ್ಸು 14, ಒಂಬತ್ತನೇ ಕ್ಲಾಸು, ಮನೆ ಬೆಂಗಳೂರಿನ ಪಶ್ಚಿಮ ಭಾಗದ ಒಂದು ಬಡಾವಣೆಯಲ್ಲಿ.

2025ರ ಅಕ್ಟೋಬರ್ ಕೊನೆ. ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಮೊದಲು ತಾಯಿ ಒಬ್ಬರೇ ಬಂದರು. ಕೈಯಲ್ಲಿದ್ದ ಚೀಲದಲ್ಲಿ ಎರಡು ರೇಷ್ಮೆ ಸೀರೆ. ಮನೆಯಲ್ಲೇ ಸೀರೆಗಳಿಗೆ ಫಾಲ್ಸ್ ಹೊಲಿದು, ಕುಚ್ಚು ಕಟ್ಟಿಕೊಡುತ್ತಾರೆ. ಗಂಡ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಷೀನ್ ಮೇಲೆ ಕೆಲಸ ಮಾಡುತ್ತಾರೆ.

“ನಾಲ್ಕು ದಿನದಿಂದ ಶಾಲೆಗೆ ಹೋಗಿಲ್ಲ ಮೇಡಂ. ಹೊಟ್ಟೆನೋವು ಅಂತಾನೆ. ಡಾಕ್ಟರ್‌ಗೆ ತೋರಿಸಿದ್ವಿ, ಏನೂ ಇಲ್ಲ ಅಂದ್ರು. ಕ್ಲಾಸಲ್ಲಿ ಸಿನಿಮಾ ವಿಷಯಕ್ಕೆ ಏನೋ ಆಯ್ತಂತೆ, ಅವನ ತಂಗಿ ಹೇಳಿದ್ಳು. ಸಿನಿಮಾಗೋಸ್ಕರ ಯಾರಾದ್ರೂ ಶಾಲೆ ಬಿಡ್ತಾರಾ?”

ಬಿಡುತ್ತಾರೆ. ಯಾಕೆ ಅಂತ ತಿಳಿಯೋಕೆ ನನಗೂ ಸ್ವಲ್ಪ ಹೊತ್ತು ಬೇಕಾಯಿತು.

ನಾನು ಮೊದಲು ಅಂದುಕೊಂಡಿದ್ದು ಅಭಿಮಾನಿಗಳ ಜಗಳ ಅಂತ. ‘ನಿಮ್ಮ ಹೀರೋ’, ‘ನಮ್ಮ ಬಾಸ್’ ಅಂತ ಶುರುವಾಗಿ ಕೈಕೈ ಮಿಲಾಯಿಸಿದ ಹುಡುಗರನ್ನು ಬೇಕಾದಷ್ಟು ನೋಡಿದ್ದೇನೆ. ಅದೇ ಲೆಕ್ಕದಲ್ಲಿ ಚೇತನ್‌ಗೆ ಒಂದರ ಮೇಲೊಂದು ಪ್ರಶ್ನೆ ಕೇಳಿದೆ. ಯಾವ ಹೀರೋ ಇಷ್ಟ? ಯಾರ ಜೊತೆ ಜಗಳ ಆಯ್ತು? ಅವನು ತಲೆ ತಗ್ಗಿಸಿಕೊಂಡು ಶೂ ಲೇಸನ್ನೇ ನೋಡುತ್ತಿದ್ದ. ಇಪ್ಪತ್ತು ನಿಮಿಷ ಹಾಗೇ ಹೋಯಿತು. ಆಮೇಲೆ ಅವನೇ ಕೇಳಿದ.

“ನೀವು ಆ ಸಿನಿಮಾ ನೋಡಿದ್ರಾ ಮೇಡಂ?”

“ಇಲ್ಲ, ನೋಡಿಲ್ಲ.”

“ಯಾಕೆ?”

“ಹೋಗೋಕೆ ಆಗಲಿಲ್ಲ.”

ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತುಂಬಾ ಮೆಲ್ಲಗೆ, “ನಾನೂ ನೋಡಿಲ್ಲ” ಅಂದ.

ಅಲ್ಲಿಂದ ಮಾತು ಬಂತು. ಏಳನೇ ಕ್ಲಾಸಿಗೆ ಹೊಸ ಶಾಲೆಗೆ ಸೇರಿದ್ದ. ಅಲ್ಲಿ ಸೋಮವಾರ ಬೆಳಿಗ್ಗೆ ಪ್ರೇಯರ್‌ಗೂ ಮೊದಲು ಸಿನಿಮಾ ಮಾತು. ‘ಬೆಂಕಿ ಗುರು’, ‘ಸೆಕೆಂಡ್ ಹಾಫ್ ಲ್ಯಾಗ್’, ‘ಬಿಜಿಎಂ ಮಾತ್ರ ಸೂಪರ್’, ‘ತೋಪು ಮಗಾ, ದುಡ್ಡು ವೇಸ್ಟ್’. ಎರಡೆರಡು ಪದದ ಮಾತು ಅಷ್ಟೇ, ಆದರೆ ಅದನ್ನು ಆಡಿದವನು ಗುಂಪಿನ ಒಳಗೆ. ಆಡದವನು ಆಚೆ, ಬ್ಯಾಗ್ ಹಿಡ್ಕೊಂಡು ನಿಂತಿರಬೇಕು. ಮೊದಲ ಎರಡು ತಿಂಗಳು ಇವನು ಹಾಗೇ ನಿಂತಿದ್ದ.

ಆಮೇಲೆ ದಾರಿ ಕಂಡುಕೊಂಡ. ಭಾನುವಾರ ರಾತ್ರಿ ಅಮ್ಮನ ಫೋನಿನಲ್ಲಿ ಸಿನಿಮಾ ವಿಮರ್ಶೆಯ ವಿಡಿಯೊ ನೋಡೋದು. ಒಂದಲ್ಲ, ಮೂರು. “ಒಬ್ಬರು ಹೇಳಿದ್ದನ್ನೇ ಹೇಳಿದ್ರೆ ಗೊತ್ತಾಗಿಬಿಡುತ್ತೆ ಮೇಡಂ. ಅದಕ್ಕೆ ಮೂರು ಜನರದ್ದು ಮಿಕ್ಸ್ ಮಾಡ್ತಿದ್ದೆ.” ರಫ್ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಟ್ಟುಕೊಳ್ಳುತ್ತಿದ್ದ. ಅದನ್ನು ನನಗೆ ತಂದು ತೋರಿಸಿದ. ಸಿನಿಮಾ ಹೆಸರು, ಎದುರಿಗೆ ಹೇಳಬೇಕಾದ ಎರಡು ಮಾತು, ಪಕ್ಕದಲ್ಲಿ ‘ಸಂಜೆ ಶೋ, ಚಿಕ್ಕಪ್ಪನ ಜೊತೆ’. ಪ್ರತಿ ಸಿನಿಮಾಗೂ ಚಿಕ್ಕಪ್ಪ. ಎರಡು ವರ್ಷದಲ್ಲಿ ಹನ್ನೊಂದು ಸಿನಿಮಾ. ಥಿಯೇಟರಿನಲ್ಲಿ ನೋಡಿದ್ದು ಒಂದೂ ಇಲ್ಲ. ಆ ಪುಟವನ್ನು ನೋಡುತ್ತಾ ನನಗೆ ಸಂಕಟವಾಯಿತು. ಹುಡುಗ ಪರೀಕ್ಷೆಗೂ ಇಷ್ಟು ಓದಿರಲಿಕ್ಕಿಲ್ಲ.

ಇದನ್ನು ಬರೀ ಸುಳ್ಳು ಅಂತ ತಳ್ಳಿಹಾಕಬಾರದು. ಮಾಲ್‌ನಲ್ಲಿ ವಾರದ ಕೊನೆಗೆ ದೊಡ್ಡ ಸಿನಿಮಾದ ಟಿಕೆಟ್ 300, 400 ಆದರೆ ನಾಲ್ಕು ಜನಕ್ಕೆ ಎಷ್ಟಾಯಿತು? ಅವನ ಅಮ್ಮ ಅಷ್ಟು ದುಡ್ಡಿಗೆ ಎಷ್ಟು ಸೀರೆಗೆ ಕುಚ್ಚು ಕಟ್ಟಬೇಕು ಅನ್ನೋದು ಅವನಿಗೆ ಬಾಯಿಪಾಠ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹಾಕಿದಾಗ ಈ ಮನೆಯಲ್ಲಿ ನಿಜವಾಗಲೂ ಸಂತೋಷವಾಗಿತ್ತು. “ಸರಿ, ದಸರಾ ರಜೆಗೆ ಒಂದು ನೋಡೋಣ” ಅಂತ ಅಪ್ಪ ಒಪ್ಪಿದ್ದರು. ಅದೇ ತಿಂಗಳು ಹೈಕೋರ್ಟ್ ಆ ನಿಯಮಕ್ಕೆ ತಡೆ ಕೊಟ್ಟಿತು. ಅಪ್ಪ ಆಮೇಲೆ ಆ ಮಾತೆತ್ತಲಿಲ್ಲ. ಇವನೂ ಕೇಳಲಿಲ್ಲ. ಆದರೆ ‘ರಜೇಲಿ ನೋಡ್ತೀನಿ’ ಅಂತ ಕ್ಲಾಸಲ್ಲಿ ಆಗಲೇ ಹೇಳಿಬಿಟ್ಟಿದ್ದ.

ರಜೆ ಮುಗಿದು ಶಾಲೆ ಶುರುವಾದ ದಿನ ಎಂದಿನಂತೆ ಎರಡು ಮಾತು ಬಿಟ್ಟ. ಒಬ್ಬ ಹುಡುಗನಿಗೆ ಏನೋ ಅನುಮಾನ ಬಂದಿರಬೇಕು. “ಹೌದಾ? ಇಂಟರ್‌ವಲ್ ಎಲ್ಲಿ ಬಂತು ಹೇಳು” ಅಂದ.

ವಿಮರ್ಶೆ ಮಾಡುವವರು ಕತೆ ಬಿಟ್ಟುಕೊಡಬಾರದು ಅಂತ ಅದನ್ನು ಹೇಳೋದೇ ಇಲ್ಲ. ಇವನು ತಡವರಿಸಿದ. ಏನೋ ಒಂದು ಹೇಳಿದ. ತಪ್ಪಾಯಿತು. “ಕಾಗೆ ಹಾರಿಸ್ತಾನೆ ಕಣ್ರೋ!” ಅಂತ ಕ್ಲಾಸಿಗೆ ಕ್ಲಾಸೇ ನಕ್ಕಿತು. ಮಧ್ಯಾಹ್ನದ ಹೊತ್ತಿಗೆ ‘ಟ್ರೇಲರ್’ ಅಂತ ಹೆಸರು ಬಿತ್ತು. ಸಂಜೆಗೆ ವಾಟ್ಸಾಪ್ ಗುಂಪಿನಲ್ಲಿ ಅವನ ಮುಖದ ಸ್ಟಿಕ್ಕರ್.

ಹದಿಹರೆಯದವರಿಗೆ ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿರುತ್ತೆ. ಮನಃಶಾಸ್ತ್ರಜ್ಞ ಡೇವಿಡ್ ಎಲ್ಕಿಂಡ್ 1967ರಲ್ಲಿ ಇದನ್ನು ವಿವರಿಸುವಾಗ ‘ಕಾಲ್ಪನಿಕ ಪ್ರೇಕ್ಷಕರು’ ಅನ್ನುವ ಅರ್ಥದ ಪದ ಬಳಸಿದರು. ಚೇತನ್ ವಿಷಯದಲ್ಲಿ ಪ್ರೇಕ್ಷಕರು ಕಾಲ್ಪನಿಕವಾಗಿ ಉಳಿಯಲಿಲ್ಲ. ಇಡೀ ಕ್ಲಾಸು ನಿಜವಾಗಲೂ ನೋಡುತ್ತಿತ್ತು. ದೊಡ್ಡವರು “ಎರಡು ದಿನ ಆದ್ರೆ ಮರೀತಾರೆ ಬಿಡು” ಅಂದರೆ ಅದು ಅವನಿಗೆ ನಾಟೋದಿಲ್ಲ.

ಅವನನ್ನು ನೇರವಾಗಿಯೇ ಕೇಳಿದೆ, “ಬದುಕಿರೋದೇ ಬೇಡ ಅಂತ ಅನ್ನಿಸಿದೆಯಾ?” ಇಲ್ಲ ಅಂದ. ಶಾಲೆ ಬೇಡ, ಬೇರೆ ಏನೂ ಇಲ್ಲ. ಊಟ, ನಿದ್ದೆ ಸ್ವಲ್ಪ ಕೆಟ್ಟಿತ್ತು. ಈ ಪ್ರಶ್ನೆ ಕೇಳಿದರೆ ಮಕ್ಕಳ ತಲೆಯಲ್ಲಿ ಆ ಯೋಚನೆ ಬರುತ್ತೆ ಅಂತ ಪೋಷಕರು ಹೆದರುತ್ತಾರೆ. ಹಾಗಾಗೋದಿಲ್ಲ. ಕೇಳಬೇಕು. ಹೌದು ಅಂದರೆ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇರುತ್ತೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರನ್ನು ತಾಯಿಗೆ ಬರೆದುಕೊಟ್ಟೆ.

ಎರಡನೇ ಸಲ ಬಂದಾಗ ಅವನಿಗೆ ಒಂದೇ ಒಂದು ಅಭ್ಯಾಸ ಕೊಟ್ಟೆ. “ನಾನು ನೋಡಿಲ್ಲ. ಹೇಗಿದೆ?” ಅಂತ ಹೇಳೋದು. ನಾನು ಅವನ ಕ್ಲಾಸಿನ ಹುಡುಗನಾದೆ. ಮೊದಲ ಸಲ “ನೋಡಿಲ್ಲ” ಅಂತ ಹೇಳಿ ತಕ್ಷಣ “ಆದ್ರೆ ಈ ವಾರ ಹೋಗ್ತೀನಿ” ಅಂತ ಸೇರಿಸಿದ. ಎರಡನೇ ಸಲ “ನಂಗೆ ಆ ಥರದ್ದು ಇಷ್ಟ ಇಲ್ಲ” ಅಂದ. ಬಾಲ ಇಲ್ಲದೆ ಆ ಮಾತು ಬರೋಕೆ ಏಳೆಂಟು ಸಲ ಬೇಕಾಯಿತು. ಕೊನೆಗೆ ಹೇಳಿದಾಗ ಅವನ ಕಿವಿ ಕೆಂಪಾಗಿತ್ತು.

ಇನ್ನೊಂದು ಕೇಳಿದೆ. “ನೀನು ಕಣ್ಣಾರೆ, ಪೂರ್ತಿ ನೋಡಿದ ಒಂದು ಸಿನಿಮಾ ಹೇಳು. ವಿಮರ್ಶೆ ವಿಡಿಯೊ ಇಲ್ಲದೆ.”

ತುಂಬಾ ಯೋಚನೆ ಮಾಡಿ, ನಾಚಿಕೊಂಡೇ, ‘ಬಂಗಾರದ ಮನುಷ್ಯ’ ಅಂದ. 1972ರ ಸಿನಿಮಾ. ಟಿವಿಯಲ್ಲಿ ಬಂದಾಗ ಅಜ್ಜಿಯ ಪಕ್ಕ ಕೂತು ನೋಡಿದ್ದಾನೆ. ಅಜ್ಜಿ ಹುಡುಗಿಯಾಗಿದ್ದಾಗ ಅದನ್ನು ಕೆ.ಜಿ. ರಸ್ತೆಯ ಸ್ಟೇಟ್ಸ್ ಥಿಯೇಟರಿನಲ್ಲಿ ನೋಡಿದ್ದರಂತೆ. ಅಲ್ಲಿ ಆ ಸಿನಿಮಾ ವರ್ಷಕ್ಕೂ ಜಾಸ್ತಿ ಓಡಿತ್ತು. ಆ ಥಿಯೇಟರೇ ಮುಂದೆ ಭೂಮಿಕಾ ಆಯಿತು.

“ಹೇಗನ್ನಿಸ್ತು?”

“ಎಲ್ಲಾ ಚೆನ್ನಾಗಿದೆ. ಕೊನೆ ಮಾತ್ರ ನಂಗೆ ಇಷ್ಟ ಆಗಲಿಲ್ಲ ಮೇಡಂ. ಅಜ್ಜಿ ಅಲ್ಲೇ ಅಳೋದು. ನಂಗೆ ಕೋಪ ಬರುತ್ತೆ.”

ರಾಜಕುಮಾರ್ ಮಾಡಿದ ರಾಜೀವನ ಪಾತ್ರ ಅಕ್ಕನ ಮನೆಯವರಿಗಾಗಿ ಜೀವ ತೇಯುತ್ತೆ. ಕೊನೆಗೆ ಅಕ್ಕನ ಮಗನ ಮಾತಿಗೆ ನೊಂದು, ಎಲ್ಲವನ್ನೂ ಬಿಟ್ಟು ಹೊರಟುಹೋಗುತ್ತೆ.

“ಯಾಕೆ ಕೋಪ?”

“ಅವರದ್ದೇನೂ ತಪ್ಪಿಲ್ಲ ಅಲ್ವಾ? ಹಾಗಂತ ಹೇಳಬೇಕಿತ್ತು. ಸುಮ್ನೆ ಎದ್ದು ಹೋದ್ರೆ ಯಾರಿಗೆ ಗೊತ್ತಾಗುತ್ತೆ? ಊರಿನವರೆಲ್ಲ ಇದ್ದರಲ್ಲ, ಒಬ್ಬರ ಹತ್ರ ಆದ್ರೂ ಹೇಳಬಹುದಿತ್ತು.”

ಹೇಳಿ ಮುಗಿಸಿ ಸುಮ್ಮನಾದ. ನಾನೂ ಸುಮ್ಮನಿದ್ದೆ. ಆ ವಾರದ ಕೆಲಸ ಅವನೇ ಗೊತ್ತುಮಾಡಿಕೊಂಡ: ಕ್ಲಾಸಿನಲ್ಲಿ ಒಬ್ಬನಿಗೆ ನಿಜ ಹೇಳೋದು. ಯಾರಿಗೆ ಅನ್ನೋದನ್ನು ಅವನಿಗೇ ಬಿಟ್ಟೆ.

ಅಡ್ಡಹೆಸರಿನ ಬಗ್ಗೆ ಹೇಳಿದ್ದು ಇಷ್ಟೇ. ಟ್ರೇಲರ್ ಅಂತ ಕರೆದರೆ ತಿರುಗಬೇಡ, ಜಗಳಕ್ಕೂ ಹೋಗಬೇಡ, ಹಲ್ಲು ಕಿರಿದು ಸೇರಿಕೊಳ್ಳಲೂ ಬೇಡ. ನಿನ್ನ ಹೆಸರು ಕರೆದಾಗ ತಿರುಗು.

ಅಪ್ಪನ ಜೊತೆ ಮಾತಾಡಿದ್ದು ಈ ಪ್ರಕರಣದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿತು. ಭಾನುವಾರ ಬಂದರು, ಉಗುರಿನ ಸಂದಿಯಲ್ಲಿ ಇನ್ನೂ ಆಯಿಲ್ ಕಲೆ ಇತ್ತು. ವಿಷಯ ಕೇಳಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಚೀಟಿ ದುಡ್ಡು ಬರೋದಿದೆ ಮೇಡಂ. ನಾಳೇನೇ ಕರ್ಕೊಂಡು ಹೋಗ್ತೀನಿ” ಅಂದರು. ಬೇಡ ಅಂತ ಹೇಳೋದು ಕಷ್ಟವಾಯಿತು. ಆದರೂ ಹೇಳಿದೆ. ಈಗ ಓಡಿಹೋಗಿ ತೋರಿಸಿದರೆ, ಟಿಕೆಟ್ ತಗೊಂಡ್ರೆ ಮಾತ್ರ ನಾನೂ ಒಬ್ಬ ಅಂತ ಹುಡುಗನಿಗೆ ಗಟ್ಟಿಯಾಗುತ್ತೆ. ಮುಂದಿನ ತಿಂಗಳು ಇನ್ನೊಂದು ಸಿನಿಮಾ ಬರುತ್ತೆ, ಆಗೇನು ಮಾಡ್ತೀರಿ? ಅದರ ಬದಲು ಒಂದು ಮಾತು ನೇರವಾಗಿ ಹೇಳಿ: ‘ನಮಗೆ ವರ್ಷಕ್ಕೆ ಒಂದೋ ಎರಡೋ ಸಿನಿಮಾ ಆಗುತ್ತೆ. ಯಾವುದು ಅಂತ ನೀನು, ನಿನ್ನ ತಂಗಿ ಸೇರಿ ಆರಿಸಿ.’ ದುಡ್ಡಿಲ್ಲ ಅನ್ನೋದು ಮನೆಯಲ್ಲಿ ಬಾಯಿಬಿಟ್ಟು ಆಡುವ ಮಾತಾದರೆ, ಕ್ಲಾಸಿನಲ್ಲಿ ಮುಚ್ಚಿಡೋ ಭಾರ ಅಷ್ಟು ಕಡಿಮೆ. ಸಿಂಗಲ್ ಸ್ಕ್ರೀನ್ ಥಿಯೇಟರಿಗೆ ಹೋದರೂ ಸಿನಿಮಾ ಅದೇ ಅಂತ ಅವರೇ ಹೇಳಿದರು.

ತಾಯಿಗೆ ಹೇಳಿದ್ದು ಬೇರೆ. “ಸಿನಿಮಾಗೆಲ್ಲಾ ಅಳ್ತಾರಾ” ಅನ್ನಬೇಡಿ. ನೋಟ್‌ಬುಕ್ಕಿನ ಆ ಪುಟವನ್ನು ನೆಂಟರ ಮುಂದೆ ತೆಗೆಯಬೇಡಿ. ಶಾಲೆಗೆ ಮಾತ್ರ ಕಳಿಸಿ, ಮೊದಲ ವಾರ ಅರ್ಧ ದಿನವಾದರೂ ಸರಿ. ಮನೆಯಲ್ಲಿ ಕೂತಷ್ಟೂ ವಾಪಸ್ ಹೋಗೋದು ಕಷ್ಟವಾಗುತ್ತೆ.

ಕ್ಲಾಸ್ ಟೀಚರ್ ಒಳ್ಳೆಯವರು. ಸುಳ್ಳು ಹೇಳೋದರ ಬಗ್ಗೆ ಇಡೀ ಕ್ಲಾಸಿಗೆ ಒಂದು ಪೀರಿಯಡ್ ಪಾಠ ಮಾಡಲಾ ಅಂತ ಕೇಳಿದರು. ದಯವಿಟ್ಟು ಬೇಡ ಅಂದೆ. ಹಾಗೆ ಮಾಡಿದ್ದರೆ ಅವನನ್ನು ಇನ್ನೊಮ್ಮೆ ನಿಲ್ಲಿಸಿ ತೋರಿಸಿದ ಹಾಗಾಗುತ್ತಿತ್ತು. ಸ್ಟಿಕ್ಕರ್ ಮಾಡಿದ ಇಬ್ಬರನ್ನು ಮಾತ್ರ ಕರೆದು, ಅಳಿಸೋಕೆ ಹೇಳಿ, ಅಷ್ಟಕ್ಕೇ ಬಿಟ್ಟರು.

ಮೂರನೇ ಸಲ ಚೇತನ್ ಒಬ್ಬನೇ ಬಂದ. ಬೆಂಚಿನಲ್ಲಿ ಪಕ್ಕ ಕೂರುವ ಗೆಳೆಯನಿಗೆ ಹೇಳಿದ್ದಾನೆ. ಶಾಲೆ ಬಿಟ್ಟ ಮೇಲೆ, ಸೈಕಲ್ ಸ್ಟ್ಯಾಂಡ್ ಹತ್ತಿರ. ಒಂದಲ್ಲ, ಹನ್ನೊಂದೂ ಸುಳ್ಳು ಅಂತ.

“ಏನಂದ?”

“‘ಗೊತ್ತಿತ್ತು ಮಗಾ’ ಅಂದ ಮೇಡಂ.”

ಮೊದಲಿಂದಲೂ ಗೊತ್ತಿತ್ತಂತೆ. ಸಂಜೆ ಶೋಗೆ ಹೋಗಿದ್ದೆ ಅಂತ ಇವನು ಹೇಳಿದ್ದ ಒಂದು ಭಾನುವಾರ, ಅದೇ ಸಂಜೆ, ಇವನು ಕುಡಿಯುವ ನೀರಿನ ಘಟಕದ ಮುಂದೆ ಕ್ಯಾನ್ ಹಿಡ್ಕೊಂಡು ಸಾಲಿನಲ್ಲಿ ನಿಂತಿದ್ದನ್ನು ಆ ಹುಡುಗ ನೋಡಿದ್ದ. ಯಾರಿಗೂ ಹೇಳಿರಲಿಲ್ಲ. ಇವನಿಗೂ ಹೇಳಿರಲಿಲ್ಲ.

“ಯಾಕೆ ಹೇಳಲಿಲ್ಲ ಅಂತ ಕೇಳಿದ್ಯಾ?”

“ಕೇಳಿದೆ. ‘ನೀನು ಚೆನ್ನಾಗಿ ಹೇಳ್ತಿದ್ದೆ, ಕೇಳೋಕೆ ಇಷ್ಟ ಆಗ್ತಿತ್ತು’ ಅಂದ.”

ಟ್ರೇಲರ್ ಅನ್ನುವ ಹೆಸರು ಇನ್ನೂ ಪೂರ್ತಿ ಹೋಗಿಲ್ಲ. ಪಿ.ಟಿ. ಪೀರಿಯಡ್‌ನಲ್ಲಿ ಇಬ್ಬರು ಮೂವರು ಈಗಲೂ ಕರೆಯುತ್ತಾರೆ. ಹೊಟ್ಟೆನೋವು ಬಂದಿಲ್ಲ, ಶಾಲೆ ತಪ್ಪಿಸಿಲ್ಲ. ಆ ಗೆಳೆಯನನ್ನು ಮನೆಗೆ ಕರೆದು ಅಜ್ಜಿಯ ಪಕ್ಕ ಕೂರಿಸಿ ‘ಬಂಗಾರದ ಮನುಷ್ಯ’ ತೋರಿಸುವ ಯೋಚನೆ ಇದೆಯಂತೆ. ಕೊನೆ ಸರಿಯೋ ತಪ್ಪೋ ಅನ್ನೋದು ಅವನ ಬಾಯಲ್ಲೂ ಕೇಳಬೇಕಂತೆ. ಮುಂದಿನ ಭೇಟಿ ಒಂದು ತಿಂಗಳು ಬಿಟ್ಟು.